ಇಂಗ್ಲಿಷಿನ ಮಾರ್ಗವಾಗಿ ಫ್ರೆಂಚ್ ಭಾಷಾಭ್ಯಾಸ

ನಮ್ಮ ಶಾಲೆಯನ್ನು ಬಿಟ್ಟು ಕಾಲೇಜನ್ನು ಸೇರುವ ವಿದ್ಯಾರ್ಥಿನಿಯರಲ್ಲಿ ಕೆಲವರು ಅಲ್ಲಿ ಫ್ರೆಂಚ್ ಭಾಷೆಯನ್ನು ಆರಿಸಿಕೊಳ್ಳುವುದುಂಟು. ಮತ್ತೆ ಕೆಲವರು ವಿವಾಹದ ನಿಮಿತ್ತವಾಗಿಯೋ ಉದ್ಯೋಗದ ನಿಮಿತ್ತವಾಗಿಯೋ ಫ್ರಾನ್ಸಿಗೂ, ಕೆನಡಾ ದೇಶದ ಕ್ವಿಬೆಕ್ ಪ್ರಾಂತಕ್ಕೂ ಹೋಗಿ ನೆಲಸಿ, ಅಂಗಡಿ ಬೀದಿಗಳಲ್ಲಿ ಆ ಭಾಷೆಯನ್ನು ಆಡಲೇಬೇಕಾದವರಾಗಿದ್ದಾರೆ. ಇಂಥವರು ರಜಾದಿನಗಳಲ್ಲಿ ನಮ್ಮನ್ನು ಕಾಣಬಂದಾಗ ಹೇಳುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಟೀಚರ್, ಇಂಗ್ಲಿಷ್ ಬಲ್ಲೆವಾದ್ದರಿಂದ ಫ್ರೆಂಚ್ ಸುಲಭವಾದೀತೆಂದು ನಂಬಿದ್ದೆವು. ಪುಸ್ತಕ ತೆರೆದರೆ ಶಬ್ದಗಳೆಲ್ಲ ಕಂಡವುಗಳಂತೆಯೇ ಇವೆ. ಬಾಯಿ ತೆರೆದರೆ ಒಂದು ವಾಕ್ಯವೂ ನೆಟ್ಟಗೆ ಬರುವುದಿಲ್ಲ. ನಮ್ಮ ಬುದ್ಧಿಯೇ ಮಂದವಾಯಿತೋ ಏನೋ!"

ಈ ಕೊನೆಯ ಮಾತು ನಮ್ಮನ್ನು ಬಹಳವಾಗಿ ನೋಯಿಸುತ್ತದೆ. ಏಕೆಂದರೆ, ತನ್ನ ಬುದ್ಧಿಯ ಮೇಲೆಯೇ ಸಂಶಯಪಟ್ಟವಳು ಕ್ರಮೇಣ ಪುಸ್ತಕವನ್ನು ಮುಚ್ಚಿಬಿಡುತ್ತಾಳೆ. ಪರದೇಶದಲ್ಲಿರುವವಳಾದರೆ ಮನೆಯಿಂದ ಹೊರಕ್ಕೆ ಹೊರಡುವುದನ್ನೇ ಕಡಿಮೆ ಮಾಡುತ್ತಾಳೆ. ಆದುದರಿಂದ ಈ ಸಂಚಿಕೆಗೆ ನಾವು ಒಂದು ಪಾಠವನ್ನೇ ಬರೆಯಲು ನಿಶ್ಚಯಿಸಿದೆವು. ಇಂಗ್ಲಿಷನ್ನು ಮಾತೃಭಾಷೆಯಾಗಿ ಉಳ್ಳವರಿಗೂ ಫ್ರೆಂಚ್ ಕಲಿಯುವಾಗ ಇವೇ ಕಷ್ಟಗಳು ಒದಗುತ್ತವೆ. ಅವರು ಎಡವುವ ಸ್ಥಳಗಳಾವುವು, ಏಕೆ ಎಡವುತ್ತಾರೆ, ಎಂಬುದನ್ನು ತಿಳಿದರೆ ಅವರ ದಾರಿಯಲ್ಲೇ ಹೋಗುವ ನಮ್ಮ ಹುಡುಗಿಯರಿಗೂ ಧೈರ್ಯವುಂಟಾದೀತು.

ಇಂಗ್ಲಿಷಿನವರ ಈ ಅಭ್ಯಾಸವು ಇಂದು ನಿನ್ನೆಯದಲ್ಲ. 1514ನೆಯ ಇಸವಿಯಲ್ಲಿ ಎಂಟನೆಯ ಹೆನ್ರಿ ದೊರೆಯ ತಂಗಿಯಾದ ಮೇರಿಯು ಫ್ರಾನ್ಸಿನ ಹನ್ನೆರಡನೆಯ ಲೂಯಿ ದೊರೆಯನ್ನು ವಿವಾಹವಾದಳು. ಆಕೆಗೆ ಫ್ರೆಂಚ್ ಕಲಿಸಿದ ಗುರುವಿನ ಹೆಸರು ಜಾನ್ ಪಾಲ್ಸ್‌ಗ್ರೇವ್. ಈತನು ಮುಂದೆ 1530ರಲ್ಲಿ ಇಂಗ್ಲಿಷ್ ಜನರಿಗಾಗಿ ಇಂಗ್ಲಿಷಿನಲ್ಲಿಯೇ ಬರೆದ ಬಹು ದೊಡ್ಡ ಫ್ರೆಂಚ್ ವ್ಯಾಕರಣವೊಂದನ್ನು ಪ್ರಕಟಿಸಿದನು. ಗಂಡನ ಮನೆಯ ಭಾಷೆಯನ್ನು ಕಲಿತು ಹೊರಟ ಹೆಣ್ಣುಮಗಳೊಬ್ಬಳು ಈ ಗ್ರಂಥಕರ್ತನ ಶಿಷ್ಯೆಯಾಗಿದ್ದಳೆಂಬುದು ನಮಗೆ ಸಂತೋಷದ ವಿಷಯವಾಗಿದೆ.

1. ಪರಿಚಿತ ಶಬ್ದಗಳ ಉಪಕಾರ

ಇಂಗ್ಲಿಷಿನಲ್ಲಿ ಇಷ್ಟೊಂದು ಫ್ರೆಂಚ್ ಶಬ್ದಗಳಿರಲು ಕಾರಣವೇನು? 1066ರಲ್ಲಿ ನಾರ್ಮಂಡಿಯ ಡ್ಯೂಕನಾದ ವಿಲಿಯಮನು ಹೇಸ್ಟಿಂಗ್ಸ್ ಯುದ್ಧದಲ್ಲಿ ಗೆದ್ದು ಇಂಗ್ಲೆಂಡಿನ ದೊರೆಯಾದನು. ಅಂದಿನಿಂದ ಬಹುಕಾಲದವರೆಗೆ ಅರಮನೆಯ ಮಾತೂ ನ್ಯಾಯಸ್ಥಾನದ ಮಾತೂ ಫ್ರೆಂಚಾಗಿದ್ದಿತು. ಜನರಿಗೆ ಅದು ತಿಳಿಯದೆಂಬ ಕಾರಣದಿಂದ ನ್ಯಾಯಸ್ಥಾನಗಳಲ್ಲಿ ಇಂಗ್ಲಿಷಿನಲ್ಲಿಯೇ ವಾದಿಸಬೇಕೆಂಬ ಶಾಸನವಾದುದು 1362ರಲ್ಲಿ. ಅಷ್ಟರೊಳಗೆ ಸಾವಿರಾರು ಶಬ್ದಗಳು ಇಂಗ್ಲಿಷಿನೊಳಗೆ ಬೇರೂರಿದ್ದವು. ಹಸುವನ್ನು ಸಾಕುವವನ ಬಾಯಲ್ಲಿ 'ಕೌ' ಎಂಬ ಹಳೆಯ ಇಂಗ್ಲಿಷ್ ಹೆಸರೇ ಉಳಿಯಿತು. ಅದರ ಮಾಂಸವು ದೊರೆಗಳ ಮೇಜಿಗೆ ಬಂದಾಗ 'ಬೀಫ್' ಎಂಬ ಫ್ರೆಂಚ್ ಹೆಸರನ್ನು ಪಡೆಯಿತು. 'ಶೀಪ್' ಎಂಬುದಕ್ಕೆ 'ಮಟನ್', 'ಪಿಗ್' ಎಂಬುದಕ್ಕೆ 'ಪೋರ್ಕ್' ಬಂದುದೂ ಹೀಗೆಯೇ. ನಮ್ಮ ಕನ್ನಡದಲ್ಲಿ ನಿತ್ಯವೂ ಬಳಸುವ ಕೋರ್ಟು, ಜಡ್ಜಿ, ಟಿಕೆಟು, ಪೆನ್ಸಿಲು ಎಂಬ ಮಾತುಗಳು ಕೂಡ ಫ್ರೆಂಚಿನಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ನಮ್ಮಲ್ಲಿಗೂ ನಡೆದುಬಂದವುಗಳೇ.

ಈ ಬಂಧುತ್ವವನ್ನು ಗುರುತಿಸಲು ಮೂರು ಸೂತ್ರಗಳನ್ನು ನೆನಪಿನಲ್ಲಿಡಬೇಕು. (ಇಲ್ಲಿಂದ ಮುಂದೆ ಫ್ರೆಂಚ್ ಶಬ್ದಗಳನ್ನು ಕನ್ನಡ ಅಕ್ಷರಗಳಲ್ಲಿ ಸಾಧ್ಯವಾದಷ್ಟು ಸಮೀಪವಾಗಿ ಬರೆದಿದ್ದೇವೆ, ಸರಿಯಾದ ಧ್ವನಿಯನ್ನು ಕಿವಿಯಿಂದಲೇ ಕಲಿಯತಕ್ಕದ್ದು.)

ಮೊದಲನೆಯದು: ಫ್ರೆಂಚ್ ಬರೆಹದಲ್ಲಿ ಕೆಲವು ಸ್ವರಗಳ ಮೇಲೆ ಚಿಕ್ಕ ಟೊಪ್ಪಿಗೆಯಂತಹ ಗುರುತು ಇರುತ್ತದೆ. ಅನೇಕ ಶಬ್ದಗಳಲ್ಲಿ ಅದು ಮೊದಲು ಅಲ್ಲಿದ್ದು ಲೋಪವಾದ 'ಎಸ್' ಅಕ್ಷರದ ಸ್ಮಾರಕ. 'ಓಪಿತಾಲ್' ಎಂಬಲ್ಲಿ ಆ 'ಎಸ್' ಅನ್ನು ಮತ್ತೆ ಸೇರಿಸಿದರೆ 'ಹಾಸ್ಪಿಟಲ್' ಕಾಣುತ್ತದೆ. 'ಫೊರೆ' ಎಂಬುದು 'ಫಾರೆಸ್ಟ್', 'ಬೆತ್' ಎಂಬುದು 'ಬೀಸ್ಟ್', 'ಫೆತ್' ಎಂಬುದು 'ಫೀಸ್ಟ್'. ಇಂಗ್ಲಿಷಿನವರು ಈ ಶಬ್ದಗಳನ್ನು ಪಡೆದ ಕಾಲದಲ್ಲಿ ಆ ಅಕ್ಷರವಿನ್ನೂ ಇದ್ದಿತು. ಫ್ರೆಂಚರು ಆಮೇಲೆ ಅದನ್ನು ಉಚ್ಚರಿಸುವುದನ್ನು ಬಿಟ್ಟರು. 1635ರಲ್ಲಿ ಸ್ಥಾಪಿತವಾದ ಫ್ರೆಂಚ್ ಅಕಾಡೆಮಿಯು 1740ರ ತನ್ನ ನಿಘಂಟಿನಲ್ಲಿ ಇಂತಹ ಮೂಕ ಅಕ್ಷರಗಳನ್ನು ತೆಗೆದು ಈ ಗುರುತುಗಳನ್ನು ಇಟ್ಟಿತು.

ಎರಡನೆಯದು: ಶಬ್ದದ ಮೊದಲಲ್ಲಿರುವ 'ಎ' ಕಾರವನ್ನು ತೆಗೆದು 'ಎಸ್' ಇಟ್ಟು ನೋಡುವುದು. 'ಎತಾ' ಎಂಬುದು 'ಸ್ಟೇಟ್', 'ಎಪೀಸ್' ಎಂಬುದು 'ಸ್ಪೈಸ್', 'ಎಕೋಲ್' ಎಂಬುದು 'ಸ್ಕೂಲ್'. ಇವು ಇಂಗ್ಲಿಷಿಗೆ ಬಂದ ದಾರಿಗಳು ಬೇರೆ ಬೇರೆಯಾದರೂ ಇವುಗಳ ಮೂಲವು ಲ್ಯಾಟಿನೇ.

ಮೂರನೆಯದು: ಇಂಗ್ಲಿಷಿನ 'ವಾರ್' ಎಂಬುದರ ಮೊದಲಕ್ಷರಕ್ಕೆ ಫ್ರೆಂಚಿನಲ್ಲಿ 'ಗ' ಕಾರ ಬರುವುದುಂಟು. ಯುದ್ಧಕ್ಕೆ ಅವರು 'ಗೇರ್' ಎನ್ನುತ್ತಾರೆ. 'ವಾರ್ಡ್‌ರೋಬ್' ಎಂಬುದು 'ಗಾರ್ದ್‌ರೋಬ್'. ವಿಜಯಿಯಾದ ವಿಲಿಯಮನ ಹೆಸರೇ ಫ್ರೆಂಚಿನಲ್ಲಿ 'ಗಿಯೋಮ್'.

2. ಪರಿಚಿತ ಶಬ್ದಗಳ ವಂಚನೆ

ಇಷ್ಟು ಉಪಕಾರ ಮಾಡುವ ಶಬ್ದಗಳೇ ಅತಿ ದೊಡ್ಡ ಅಪಾಯಕ್ಕೂ ಕಾರಣವಾಗಿವೆ. ತೀರ ಹೊಸದಾದ ಶಬ್ದವನ್ನು ಕಂಡರೆ ವಿದ್ಯಾರ್ಥಿನಿಯು ನಿಘಂಟನ್ನು ತೆರೆಯುತ್ತಾಳೆ. ಕಂಡ ಮುಖದಂತಿರುವ ಶಬ್ದವನ್ನು ಮಾತ್ರ ವಿಚಾರಿಸದೆಯೇ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಾಳೆ. 'ಲಿಬ್ರೇರಿ' ಎಂದರೆ ಪುಸ್ತಕಾಲಯವಲ್ಲ, ಪುಸ್ತಕದ ಅಂಗಡಿ. ಪುಸ್ತಕಾಲಯಕ್ಕೆ 'ಬಿಬ್ಲಿಯೊತೆಕ್' ಎನ್ನಬೇಕು. 'ಆತಾಂದ್ರ್' ಎಂದರೆ ಹಾಜರಾಗುವುದಲ್ಲ, ಕಾಯುವುದು. 'ಸಾಂಸೀಬ್ಲ್' ಎಂದರೆ ವಿವೇಕವುಳ್ಳವಳೆಂದಲ್ಲ, ಬೇಗನೆ ಮನಸ್ಸಿಗೆ ಹಚ್ಚಿಕೊಳ್ಳುವವಳೆಂದರ್ಥ. ಇಂಗ್ಲಿಷಿನಲ್ಲಿ 'ಪೇನ್' ಎಂದು ಓದುವ ಅಕ್ಷರಗಳನ್ನೇ ಫ್ರೆಂಚಿನಲ್ಲಿ 'ಪ್ಯಾಂ' ಎಂದು ಓದಿದರೆ ರೊಟ್ಟಿ.

ಇವುಗಳಲ್ಲಿ ಕೆಲವು ಒಂದು ಕಾಲದಲ್ಲಿ ಒಂದೇ ಅರ್ಥವುಳ್ಳವುಗಳಾಗಿದ್ದು, ಎರಡು ಮನೆಗಳಲ್ಲಿ ಬೆಳೆದ ಅಕ್ಕತಂಗಿಯರಂತೆ ಸ್ವಭಾವದಲ್ಲಿ ಬೇರೆಯಾದವು. 'ದ್ಮಾಂದೇ' ಎಂದರೆ ಫ್ರೆಂಚಿನಲ್ಲಿ ಸುಮ್ಮನೆ ಕೇಳುವುದು. ಇಂಗ್ಲಿಷಿನ 'ಡಿಮ್ಯಾಂಡ್' ಹಟದಿಂದ ಕೇಳುವುದಾಯಿತು. 'ಝೂರ್ನೇ' ಎಂದರೆ ಒಂದು ದಿನದ ಅವಧಿ. ಇಂಗ್ಲಿಷಿನಲ್ಲಿ ಅದು ಒಂದು ದಿನದ ನಡಿಗೆಯೆಂದಾಗಿ, ಆಮೇಲೆ 'ಜರ್ನಿ' ಅಂದರೆ ಪ್ರಯಾಣವೆಂದೇ ಆಯಿತು. ಇನ್ನು ಕೆಲವಕ್ಕೆ ರಕ್ತಸಂಬಂಧವೇ ಇಲ್ಲ, ರೂಪಸಾಮ್ಯ ಮಾತ್ರ.

ಈ ಕೊನೆಯ ಜಾತಿಯ ಶಬ್ದವೊಂದು ನಮ್ಮನ್ನೇ ನಗೆಗೀಡುಮಾಡಿತು. ನಾವು ಫ್ರೆಂಚ್ ಕಲಿಯಲಾರಂಭಿಸಿದ ವರ್ಷ ಗುರುಗಳಿಗೆ ಹಬ್ಬದ ಶುಭಾಶಯವನ್ನು ಬರೆದು, ಕೊನೆಯಲ್ಲಿ 'ಹಿರಿಯರಾದ ತಾವು ನಮ್ಮನ್ನು ಹರಸಿರಿ' ಎಂಬರ್ಥದಲ್ಲಿ 'ಬ್ಲೆಸೇ' ಎಂಬ ಕ್ರಿಯಾಪದವನ್ನು ಹಾಕಿದ್ದೆವು. ಇಂಗ್ಲಿಷಿನ 'ಬ್ಲೆಸ್' ಎಂಬುದು ನಮ್ಮ ಕಣ್ಣ ಮುಂದಿದ್ದಿತು. ಆದರೆ 'ಬ್ಲೆಸೇ' ಎಂದರೆ ಗಾಯಗೊಳಿಸುವುದು! ಹರಸುವುದಕ್ಕೆ 'ಬೆನೀರ್' ಎಂಬ ಬೇರೆ ಶಬ್ದವಿದೆ. ಗುರುಗಳು ನಗಲಿಲ್ಲ, ಗದರಿಸಲೂ ಇಲ್ಲ. "ಈ ತಪ್ಪು ಎಲ್ಲಿಂದ ಬಂದಿತೆಂಬುದನ್ನು ಇದರ ಪಕ್ಕದಲ್ಲಿ ಬರೆದುಕೊಂಡು ಬನ್ನಿ" ಎಂದರು. ಬರೆಯುತ್ತ ಕುಳಿತಾಗ, ತಪ್ಪು ನಮ್ಮ ಜಡತನದಿಂದ ಬಂದುದಲ್ಲ, ನಾವು ಬಲ್ಲ ಇನ್ನೊಂದು ಭಾಷೆಯ ನೆರಳು ಇದರ ಮೇಲೆ ಬಿದ್ದಿದೆ, ಎಂಬುದು ನಮಗೆ ಸ್ಪಷ್ಟವಾಯಿತು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ.

3. ಲಿಂಗವಿಚಾರ

ಇಂಗ್ಲಿಷಿನವರಿಗೆ ಫ್ರೆಂಚ್ ವ್ಯಾಕರಣದಲ್ಲಿ ಮೊದಲು ಎದುರಾಗುವ ಬೆಟ್ಟವು ಲಿಂಗ. ಫ್ರೆಂಚ್ ನಾಮಪದಗಳಿಗೆ ಪುಲ್ಲಿಂಗ ಸ್ತ್ರೀಲಿಂಗಗಳೆಂಬ ಎರಡೇ ಲಿಂಗಗಳು; ನಪುಂಸಕವಿಲ್ಲ. ಪುಸ್ತಕವು ಪುಲ್ಲಿಂಗ, ಮೇಜು ಸ್ತ್ರೀಲಿಂಗ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದರಿಂದ ನಮಗೂ ಇದು ವಿಚಿತ್ರವೇ. ಆದರೆ ಸಂಸ್ಕೃತವನ್ನು ಕಲಿತವರು ಬೆರಗಾಗಲಾರರು. ಅಲ್ಲಿ ಹೆಂಡತಿಯೆಂಬ ಅರ್ಥದ 'ಭಾರ್ಯಾ' ಸ್ತ್ರೀಲಿಂಗ, 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕ. ಹಳೆಯ ಇಂಗ್ಲಿಷಿನಲ್ಲಿಯೂ ಮೂರು ಲಿಂಗಗಳಿದ್ದವು. ಈಗಿನ 'ವೈಫ್' ಶಬ್ದದ ಪೂರ್ವರೂಪವು ಆಗ ನಪುಂಸಕಲಿಂಗವಾಗಿದ್ದಿತು. ಇಂಗ್ಲಿಷಿನವರು ತಮ್ಮ ಅಜ್ಜಂದಿರು ಹೊತ್ತಿದ್ದ ಹೊರೆಯನ್ನು ಮರೆತು ಫ್ರೆಂಚರ ಹೊರೆಯನ್ನು ನೋಡಿ ಆಶ್ಚರ್ಯಪಡುತ್ತಾರೆ, ಅಷ್ಟೇ.

ಇದಕ್ಕೆ ಉಪಾಯವೇನೆಂದರೆ, ನಾಮಪದವನ್ನು ಎಂದಿಗೂ ಒಂಟಿಯಾಗಿ ಕಲಿಯಬಾರದು. ಪುಲ್ಲಿಂಗಕ್ಕೆ 'ಲ', ಸ್ತ್ರೀಲಿಂಗಕ್ಕೆ 'ಲಾ' ಎಂಬ ಉಪಪದವಿದೆ. ಅದರೊಡನೆ ಸೇರಿಸಿಯೇ 'ಲ ಲೀವ್ರ್', 'ಲಾ ತಾಬ್ಲ್' ಎಂದು ಬಾಯಿಪಾಠ ಮಾಡಬೇಕು. ಉಪಪದ ತಪ್ಪಿದರೆ ಕೆಲವೆಡೆ ಅರ್ಥವೇ ಬದಲಾಗುತ್ತದೆ. 'ಲ ಲೀವ್ರ್' ಪುಸ್ತಕ, 'ಲಾ ಲೀವ್ರ್' ಪೌಂಡ್. 'ಲ ತೂರ್' ಎಂದರೆ ಸುತ್ತು. 1903ರಲ್ಲಿ ಆರಂಭವಾದ ಸೈಕಲ್ ಪಂದ್ಯದ ಹೆಸರಿನಲ್ಲಿರುವುದು ಇದೇ. 'ಲಾ ತೂರ್' ಎಂದರೆ ಗೋಪುರ. ಪ್ಯಾರಿಸಿನಲ್ಲಿ 1889ರಲ್ಲಿ ಮುಗಿದ ಐಫೆಲ್ ಗೋಪುರವು ಇದು. ಶಬ್ದದ ಅಂತ್ಯವೂ ಕೆಲಮಟ್ಟಿಗೆ ಸಹಾಯಮಾಡುತ್ತದೆ. 'ನೇಷನ್', 'ಸ್ಟೇಷನ್' ಎಂಬಂತೆ ಕೊನೆಗೊಳ್ಳುವವು ಬಹುತೇಕ ಸ್ತ್ರೀಲಿಂಗ. 'ವಿಲೇಜ್', 'ಮ್ಯಾರೇಜ್' ಎಂಬಂತೆ ಕೊನೆಗೊಳ್ಳುವವು ಬಹುತೇಕ ಪುಲ್ಲಿಂಗ. ಆದರೆ 'ಪೇಜ್', 'ಇಮೇಜ್' ಎಂಬವು ಇದಕ್ಕೆ ಅಪವಾದಗಳಾಗಿ ಸ್ತ್ರೀಲಿಂಗದಲ್ಲಿವೆ.

ಗುಣವಾಚಕವೂ ನಾಮಪದದ ಲಿಂಗವಚನಗಳನ್ನು ಅನುಸರಿಸುತ್ತದೆ. ಹಸುರಾದ ವಸ್ತು ಪುಲ್ಲಿಂಗವಾದರೆ 'ವೇರ್', ಸ್ತ್ರೀಲಿಂಗವಾದರೆ 'ವೇರ್ತ್'. ದೊಡ್ಡದಕ್ಕೆ 'ಗ್ರಾಂ' ಮತ್ತು 'ಗ್ರಾಂದ್'. ಪುಲ್ಲಿಂಗದಲ್ಲಿ ಬರೆದೂ ಉಚ್ಚರಿಸದೆ ಇದ್ದ ಕೊನೆಯ ವ್ಯಂಜನವು ಸ್ತ್ರೀಲಿಂಗದಲ್ಲಿ ಬಾಯಿಬಿಡುತ್ತದೆಂದು ನೆನಪಿಟ್ಟರೆ ಈ ನಿಯಮವು ಮರೆತುಹೋಗುವುದಿಲ್ಲ.

4. ಕ್ರಿಯಾಪದವೂ ವಾಕ್ಯವೂ

ಇಂಗ್ಲಿಷಿನ ಕ್ರಿಯಾಪದವು ವರ್ತಮಾನಕಾಲದಲ್ಲಿ ಬಹಳ ಸ್ವಲ್ಪ ಬದಲಾಗುತ್ತದೆ. ಫ್ರೆಂಚಿನಲ್ಲಿ ಪುರುಷವಚನಗಳಿಗೆ ತಕ್ಕಂತೆ ಪ್ರತ್ಯಯಗಳು ಹತ್ತುತ್ತವೆ. ಮಾತನಾಡುವುದೆಂಬರ್ಥದ 'ಪಾರ್ಲೇ' ಎಂಬ ಕ್ರಿಯೆಯು, ಅಂದರೆ ಪಾರ್ಲಿಮೆಂಟಿಗೆ ಹೆಸರು ಕೊಟ್ಟ ಕ್ರಿಯೆಯೇ, ಬರೆಹದಲ್ಲಿ ಐದು ರೂಪಗಳನ್ನು ತಾಳುತ್ತದೆ. ಆದರೆ ಕಿವಿಗೆ ಕೇಳುವವು 'ಪಾರ್ಲ್', 'ಪಾರ್ಲೋಂ', 'ಪಾರ್ಲೇ' ಎಂಬ ಮೂರೇ. ಪ್ರತ್ಯಯಗಳ ಪಟ್ಟಿಯನ್ನು ಕಂಡು ಹೆದರುವ ಇಂಗ್ಲಿಷ್ ಬಾಲಕಿಗೆ ಈ ಮಾತನ್ನು ಮೊದಲೇ ಹೇಳಬೇಕು. ಮಾತನಾಡುತ್ತೇನೆ, ಮಾತನಾಡುತ್ತೀಯೆ, ಮಾತನಾಡುತ್ತಾಳೆ, ಮಾತನಾಡುತ್ತಾರೆ ಎಂದು ಶೈಶವದಿಂದಲೂ ಆಡುತ್ತ ಬಂದ ಕನ್ನಡದ ಹುಡುಗಿಯು ಇದಕ್ಕೆ ಹೆದರಬೇಕಾದುದೇ ಇಲ್ಲ.

'ನೀನು', 'ನೀವು' ಎಂಬ ಭೇದವೂ ಹಾಗೆಯೇ. ಇಂಗ್ಲಿಷಿನವರು 'ದೌ' ಎಂಬ ಏಕವಚನವನ್ನು ನಿತ್ಯವ್ಯವಹಾರದಿಂದ ಬಿಟ್ಟು ಶತಮಾನಗಳಾದವು. ಆದುದರಿಂದ ಎದುರಿನವರಿಗೆ 'ತ್ಯು' ಎನ್ನಲೋ 'ವೂ' ಎನ್ನಲೋ ಎಂದು ಅವರು ಪ್ರತಿಯೊಂದು ವಾಕ್ಯದಲ್ಲಿಯೂ ತಡೆದು ನಿಲ್ಲುತ್ತಾರೆ. ಅಪರಿಚಿತರಿಗೂ ಗುರುಗಳಿಗೂ 'ವೂ', ಗೆಳತಿಗೂ ಮಗುವಿಗೂ 'ತ್ಯು' ಎಂದರೆ ನಮಗೆ ಒಡನೆಯೇ ತಿಳಿಯುತ್ತದೆ. ಇಂಗ್ಲಿಷಿನ 'ಯೂ' ಎಂಬುದರ ಮೂಲಕ ಕಲಿಯಹೋದರೆ ಮಾತ್ರ ನಾವೂ ಅವರಂತೆಯೇ ತಡವರಿಸುತ್ತೇವೆ.

ವಾಕ್ಯರಚನೆಯಲ್ಲಿ ಇಂಗ್ಲಿಷಿನವರು ಮಾಡುವ ತಪ್ಪುಗಳಲ್ಲಿ ಮೂರನ್ನು ಇಲ್ಲಿ ಹೇಳುತ್ತೇವೆ. ಹಸಿವು, ಬಾಯಾರಿಕೆ, ವಯಸ್ಸುಗಳನ್ನು ಇಂಗ್ಲಿಷಿನಲ್ಲಿ 'ಆಗಿದ್ದೇನೆ' ಎಂಬ ಕ್ರಿಯೆಯಿಂದ ಹೇಳಿದರೆ, ಫ್ರೆಂಚಿನಲ್ಲಿ 'ಉಳ್ಳವಳಾಗಿದ್ದೇನೆ' ಎಂಬ ಕ್ರಿಯೆಯಿಂದ ಹೇಳಬೇಕು. 'ಝೇ ಫ್ಯಾಂ' ಎಂದರೆ 'ಹಸಿವುಳ್ಳವಳಾಗಿದ್ದೇನೆ' ಎಂಬಂತೆ. ಇಪ್ಪತ್ತು ವರ್ಷ ವಯಸ್ಸಿನವಳು ಇಪ್ಪತ್ತು ವರ್ಷಗಳನ್ನು 'ಉಳ್ಳವಳು'. ಕನ್ನಡದಲ್ಲಿ ನಾವು 'ನನಗೆ ಹಸಿವಾಗಿದೆ', 'ನನಗೆ ಇಪ್ಪತ್ತು ವರ್ಷ' ಎಂದು ಚತುರ್ಥಿಯಲ್ಲಿ ಹೇಳುತ್ತೇವೆ. ಒಂದೇ ಹಸಿವನ್ನು ಮೂರು ಭಾಷೆಗಳು ಮೂರು ಬಾಗಿಲುಗಳಿಂದ ಒಳಕ್ಕೆ ಕರೆಯುತ್ತವೆ.

ಎರಡನೆಯದು ಕಾಲದ ವಿಷಯ. 'ಹತ್ತು ವರ್ಷದಿಂದ ಇಲ್ಲಿ ವಾಸಿಸುತ್ತಿದ್ದೇನೆ' ಎಂಬುದಕ್ಕೆ ಇಂಗ್ಲಿಷಿನವರು 'ವಾಸಿಸಿದ್ದೇನೆ' ಎಂಬ ಪೂರ್ಣರೂಪವನ್ನು ಬಳಸುತ್ತಾರೆ. ಅದನ್ನೇ ಫ್ರೆಂಚಿಗೆ ತಂದು ತಪ್ಪುತ್ತಾರೆ. ಫ್ರೆಂಚರು 'ದಪ್ವಿ' ಎಂಬ ಶಬ್ದವನ್ನಿಟ್ಟು ಕ್ರಿಯೆಯನ್ನು ವರ್ತಮಾನದಲ್ಲಿಯೇ ಹೇಳುತ್ತಾರೆ. ವಾಸವು ಇನ್ನೂ ನಡೆದಿದೆಯಲ್ಲವೇ? ನಮ್ಮ 'ವರ್ಷದಿಂದ' ಎಂಬಲ್ಲಿರುವ 'ಇಂದ' ಪ್ರತ್ಯಯವೂ ವರ್ತಮಾನ ಕ್ರಿಯೆಯೂ ಇದಕ್ಕೆ ಸರಿಯಾಗಿ ಹೊಂದುತ್ತವೆ. ಇಲ್ಲಿ ಕನ್ನಡದ ಹುಡುಗಿಯು ಇಂಗ್ಲಿಷನ್ನು ಬದಿಗಿಟ್ಟು ತಾಯಿನುಡಿಯನ್ನು ನೆನೆದರೆ ವಾಕ್ಯವು ತಾನಾಗಿ ನೆಟ್ಟಗಾಗುತ್ತದೆ.

ಮೂರನೆಯದು, ಅಗಲಿದವರನ್ನು ಕುರಿತು ಆಡುವ ಮಾತು. ಇಂಗ್ಲಿಷಿನಲ್ಲಿ 'ನಾನು' ಕರ್ತೃ, 'ನೀನು' ಕರ್ಮ. ಫ್ರೆಂಚಿನಲ್ಲಿ 'ತ್ಯು ಮ ಮಾಂಕ್', ಅಂದರೆ 'ನೀನು ನನಗೆ ಕೊರತೆಯಾಗಿದ್ದೀಯೆ' ಎಂಬಂತೆ, ಅಗಲಿದವರೇ ಕರ್ತೃ. ಇಂಗ್ಲಿಷಿನ ಕ್ರಮದಲ್ಲಿ ಬರೆದರೆ ಯಾರು ಯಾರನ್ನು ನೆನೆಯುತ್ತಿದ್ದಾರೆಂಬುದೇ ತಲೆಕೆಳಗಾಗುತ್ತದೆ.

ಸಂಖ್ಯೆಗಳ ಬಗ್ಗೆಯೂ ಒಂದು ಮಾತು. ಫ್ರಾನ್ಸಿನಲ್ಲಿ 70 ಎಂಬುದು 'ಅರವತ್ತು ಹತ್ತು', 80 ಎಂಬುದು 'ನಾಲ್ಕು ಇಪ್ಪತ್ತು', 97 ಎಂಬುದು 'ನಾಲ್ಕು ಇಪ್ಪತ್ತು ಹದಿನೇಳು'. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚರು 70ಕ್ಕೆ 'ಸೆಪ್ತಾಂತ್', 90ಕ್ಕೆ 'ನೊನಾಂತ್' ಎಂದು ಸರಳವಾಗಿ ಹೇಳುತ್ತಾರೆ. ಇಪ್ಪತ್ತರ ಎಣಿಕೆಯನ್ನು ಕಂಡು ಇಂಗ್ಲಿಷಿನವರು ನಗುವಂತಿಲ್ಲ. 'ಸ್ಕೋರ್' ಎಂದು ಇಪ್ಪತ್ತಿಪ್ಪತ್ತಾಗಿ ಎಣಿಸುವ ಪದ್ಧತಿ ಅವರಲ್ಲಿಯೂ ಇದ್ದಿತು.

5. ಉಚ್ಚಾರಣೆಯೂ ಸಂಧಿಯೂ

ಫ್ರೆಂಚಿನ 'ತ', 'ದ'ಗಳನ್ನು ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ನುಡಿಯಬೇಕು. 'ಕ', 'ತ', 'ಪ'ಗಳಲ್ಲಿ ಉಸಿರಿನ ಹೊಡೆತವಿರಬಾರದು. ಇಂಗ್ಲಿಷಿನವರು ಇದಕ್ಕಾಗಿ ಬಹಳ ಶ್ರಮಪಡುತ್ತಾರೆ. ನಮ್ಮ ಕನ್ನಡದ ಅಕ್ಷರಗಳು ಇವಕ್ಕೆ ಎಷ್ಟೋ ಸಮೀಪವಾಗಿವೆ. ಆದರೂ ನಮ್ಮ ಹುಡುಗಿಯರು 'ತಾಬ್ಲ್' ಎನ್ನುವಲ್ಲಿ 'ಟೇಬಲ್' ಎಂಬ ಶಾಲೆಯ ಅಭ್ಯಾಸದಿಂದ 'ಟ'ಕಾರವನ್ನೇ ನುಡಿಯುತ್ತಾರೆ. ಸ್ವರವನ್ನು ಮೂಗಿನಿಂದ ಹೊರಡಿಸುವ ಧ್ವನಿಗಳು ಕೊಂಕಣಿ ಮನೆಮಾತಿನವರಿಗೆ ಹೊಸವಲ್ಲ. ಉಳಿದವರು ಕೇಳಿ ಕೇಳಿ ಸಾಧಿಸಬೇಕು.

ಸಂಧಿಯ ವಿಷಯದಲ್ಲಿಯೂ ಇಂಗ್ಲಿಷ್ ವ್ಯಾಕರಣಕ್ಕಿಂತ ನಮ್ಮ ವ್ಯಾಕರಣವೇ ಹೆಚ್ಚು ಬೆಳಕನ್ನು ಕೊಡುತ್ತದೆ. ಊರು ಎಂಬುದಕ್ಕೆ ಅನ್ನು ಸೇರಿ 'ಊರನ್ನು' ಆದಂತೆ, 'ಲಾ' ಎಂಬುದಕ್ಕೆ 'ಎಕೋಲ್' ಸೇರಿ 'ಲೆಕೋಲ್' ಆಗುತ್ತದೆ, ಇದು ಲೋಪಸಂಧಿ. ಮನೆ ಎಂಬುದಕ್ಕೆ ಅಲ್ಲಿ ಸೇರುವಾಗ ನಡುವೆ 'ಯ'ಕಾರ ಬಂದಂತೆ, 'ಆ' ಮತ್ತು 'ಈಲ್' ಸೇರುವಾಗ ನಡುವೆ 'ತ'ಕಾರ ಬಂದು 'ಆತೀಲ್' ಆಗುತ್ತದೆ, ಇದನ್ನು ಆಗಮಸಂಧಿಯೆನ್ನಬಹುದು. ಶಾಲೆಯು ಸ್ತ್ರೀಲಿಂಗವಾದರೂ 'ನನ್ನ ಶಾಲೆ' ಎನ್ನುವಾಗ 'ಮಾ' ಎಂಬ ಸ್ತ್ರೀಲಿಂಗರೂಪವನ್ನು ಬಿಟ್ಟು 'ಮೋನೆಕೋಲ್' ಎನ್ನುತ್ತಾರೆ. ಎರಡು ಸ್ವರಗಳು ಎದುರೆದುರು ನಿಲ್ಲಬಾರದೆಂಬುದೇ ಇದಕ್ಕೆ ಕಾರಣ.

6. ಅಭ್ಯಾಸಕ್ರಮ

ನಾಮಪದವನ್ನು ಉಪಪದದೊಡನೆ ಕಲಿಯಿರಿ. ಶಬ್ದಗಳ ಪಟ್ಟಿಗಿಂತ ಸಣ್ಣ ವಾಕ್ಯಗಳನ್ನೇ ಬಾಯಿಪಾಠ ಮಾಡಿರಿ. ದಿನಕ್ಕೆ ಕಾಲು ಗಂಟೆಯಾದರೂ ಗಟ್ಟಿಯಾಗಿ ಓದಿರಿ. ಒಬ್ಬರು ಓದಿದುದನ್ನು ಕೇಳಿ ಬರೆಯುವ ಉಕ್ತಲೇಖನವನ್ನು ಬಿಡಬೇಡಿರಿ, ಏಕೆಂದರೆ ಬರೆದುದಷ್ಟನ್ನೂ ಉಚ್ಚರಿಸದ ಭಾಷೆಗೆ ಇದಕ್ಕಿಂತ ಉತ್ತಮವಾದ ಸಾಧನೆಯಿಲ್ಲ. ಒಂದು ಚಿಕ್ಕ ಪುಸ್ತಕದಲ್ಲಿ ನಿಮ್ಮ ತಪ್ಪುಗಳನ್ನು ಬರೆದು, ಪ್ರತಿಯೊಂದರ ಪಕ್ಕದಲ್ಲಿ ಅದು ಎಲ್ಲಿಂದ ಬಂದಿತೆಂಬುದನ್ನು ಬರೆಯಿರಿ: ಇಂಗ್ಲಿಷಿನ ನೆರಳೋ, ಕನ್ನಡದ ನೆರಳೋ, ಅಥವಾ ಕೇವಲ ಅವಸರವೋ? ಹಲವು ವಾರಗಳಾದ ಮೇಲೆ ಅದನ್ನು ತಿರುವಿಹಾಕಿದರೆ, ನೂರು ತಪ್ಪುಗಳೆಂದು ಕಂಡವು ನಾಲ್ಕೈದು ಕಾರಣಗಳಿಂದಲೇ ಹುಟ್ಟಿದವೆಂದು ತಿಳಿಯುವುದು. ನಾಲ್ಕೈದು ಕಾರಣಗಳನ್ನು ಗೆಲ್ಲಲು ಯಾರಿಗೂ ಅಸಾಧ್ಯವಲ್ಲ.

ತಂದೆತಾಯಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಮಗಳು ಹೊಸ ಭಾಷೆಯಲ್ಲಿ ತೊದಲುವಾಗ ನಗಬೇಡಿರಿ. ಇಷ್ಟು ಇಂಗ್ಲಿಷ್ ಕಲಿತೂ ಇದು ಬಾರದೇ ಎಂದು ಹಂಗಿಸಲೂ ಬೇಡಿರಿ. ಭಾಷೆ ನಿಮಗೆ ತಿಳಿಯದಿದ್ದರೂ ಹತ್ತಿರ ಕುಳಿತು ಆಕೆ ಓದುವುದನ್ನು ಕೇಳಿರಿ. ಆಕೆಗೆ ಕನ್ನಡ ಚೆನ್ನಾಗಿ ಬರುವಂತೆಯೂ ನೋಡಿಕೊಳ್ಳಿರಿ. ತಾಯಿನುಡಿಯ ವ್ಯಾಕರಣವನ್ನು ತಿಳಿದವಳಿಗೆ ಪರಭಾಷೆಯ ಬಾಗಿಲು ಬೇಗ ತೆರೆಯುವುದೆಂಬುದನ್ನು ಮೇಲೆ ಕಂಡೆವಷ್ಟೆ.

ಮುಗಿಸುವ ಮೊದಲು ಇನ್ನೊಂದು ಪಾಠ. ಫ್ರೆಂಚಿನಲ್ಲಿ ಕೆಲವು ಗುಣವಾಚಕಗಳು ನಾಮಪದದ ಹಿಂದೆ ಬಂದರೆ ಒಂದರ್ಥ, ಮುಂದೆ ಬಂದರೆ ಮತ್ತೊಂದರ್ಥ. 'ಎಕೋಲ್ ಆಂಸ್ಯೆನ್' ಎಂದರೆ ಬಹುಕಾಲದ ಶಾಲೆ. 'ಆಂಸ್ಯೆನ್ ಎಕೋಲ್' ಎಂದರೆ ಹಿಂದೊಮ್ಮೆ ಕಲಿತ ಶಾಲೆ. ಹಾಗೆಯೇ ನಿಮ್ಮನ್ನು ನಾವು 'ಆಂಸ್ಯೆನ್ ಎಲೆವ್' ಎಂದು ಕರೆಯಬೇಕು, ಅಂದರೆ ಹಿಂದೆ ನಮ್ಮಲ್ಲಿ ಕಲಿತವರು. ಶಬ್ದಗಳನ್ನು ಹಿಂದುಮುಂದು ಮಾಡಿದರೆ ಮುದುಕಿಯರಾದ ವಿದ್ಯಾರ್ಥಿನಿಯರೆಂದಾದೀತು! ಆ ತಪ್ಪನ್ನು ನಾವು ಮಾಡಲಾರೆವು. ದೂರದ ಊರುಗಳಲ್ಲಿರುವ ನಿಮಗೆಲ್ಲ, ಇಂಗ್ಲಿಷಿನ ಕ್ರಮವನ್ನು ಬಿಟ್ಟು ಸರಿಯಾದ ಫ್ರೆಂಚಿನಲ್ಲಿಯೇ ಹೇಳುತ್ತೇವೆ: 'ವೂ ನೂ ಮಾಂಕೇ'. ನೀವು ನಮಗೆ ಕೊರತೆಯಾಗಿದ್ದೀರಿ. ರಜೆಯಲ್ಲಿ ಬಂದಾಗ ತಪ್ಪುಗಳ ಆ ಚಿಕ್ಕ ಪುಸ್ತಕವನ್ನೂ ತನ್ನಿರಿ; ಕೂಡಿ ಕುಳಿತು ಓದೋಣ.